ಗಾಯಗೊಂಡ ಫೌಜಿ ಊರಿಗೆ ಬಂದಾಗ: ಶಾಲು-ಹಾರ ಆದ್ಮ್ಯಾಲೆ ಮಾಡಬೇಕಾದ ಕೆಲಸ

ಗಂಗಾವತಿ ತಾಲ್ಲೂಕಿನಾಗ ನನ್ನದೊಂದು ಆನ್‌ಲೈನ್ ಸೆಂಟರ್ ಐತಿ. ಪಹಣಿ ತೆಗೆಯೋದು, ಬೆಳೆ ವಿಮೆ ತುಂಬೋದು, ಪಿಂಚಣಿಯವ್ರಿಗೆ ಲೈಫ್ ಸರ್ಟಿಫಿಕೇಟ್ ಮಾಡಿಕೊಡೋದು. ಕಾರಟಗಿ, ಸಿಂಧನೂರು ಕಡೆಯಿಂದಾನೂ ಮಿಲ್ಟ್ರಿಯವ್ರು ಬರ್ತಾರ, ಅದರಾಗ ಕೆಲವ್ರು ಕಾಲು ಕಳಕೊಂಡವ್ರು, ಕೆಲವ್ರನ್ನ ಮಗ ಇಲ್ಲಾ ಅಳಿಯ ಎತ್ತಿಕೊಂಡು ಬರಬೇಕು. ಅವ್ರು ಹೋದ್ಮ್ಯಾಲೆ ಕ್ಯೂನಾಗ ನಿಂತವ್ರು ಆಡೋ ಮಾತು ಹೆಚ್ಚುಕಡಿಮಿ ಒಂದೇ ನಮೂನಿ ಇರ್ತಾವ. "ಗೌರ್ಮೆಂಟ್ ಎಲ್ಲಾ ಕೊಡ್ತೈತಿ ಬಿಡ್ರಿ, ಅವ್ರಿಗೇನು ಕಮ್ಮಿ." "ಪಾಪ, ಇದ್ದೂ ಇಲ್ದಂಗ." "ಇವ್ರೇನು ಪಾಕಿಸ್ತಾನದವ್ರ ಗುಂಡು ತಿಂದ್ರಾ, ಗಾಡಿ ಪಲ್ಟಿ ಆಗಿದ್ದಂತ." ಈ ಮಾತು ಆಡೋರು ಯಾರೂ ಕೆಟ್ಟವ್ರಲ್ಲ, ಜನವರಿ 26ಕ್ಕ ಅವ್ರೇ ಮುಂದ ನಿಂತು ಹಾರ ಹಾಕ್ತಾರ. ಆದ್ರ ಇವೇ ಮಾತಿನಿಂದ ಆ ಮನಿ ಮಂದಿಗೆ ಬರಬೇಕಾದ್ದು ಬರಂಗಿಲ್ಲ, ಸಿಗಬೇಕಾದ ಸಹಾಯ ಸಿಗಂಗಿಲ್ಲ, ಅದಕ್ಕ ಇದನ್ನ ಬರೀತಿದೀನಿ. ಮನಿಯವ್ರಿಗೂ, ಅದಕ್ಕಿಂತ ಹೆಚ್ಚು ಅಕ್ಕಪಕ್ಕದವ್ರಿಗೆ, ಪಂಚಾಯ್ತಿ ಮೆಂಬರ್‌ಗಳಿಗೆ, ಊರಿನ ಹುಡುಗ್ರಿಗೆ.

ಮೊದಲ ಕೆಲಸ, ತಲಿಯಾಗಿರೋದನ್ನ ಸರಿ ಮಾಡ್ಕೊಳ್ಳೋದು

2016ರ ಫೆಬ್ರವರಿ ನೆನಪು ಮಾಡ್ಕೊಳ್ರಿ. ಸಿಯಾಚಿನ್‌ನಾಗ ಹಿಮದಡಿ ಆರು ದಿನ ಸಿಕ್ಕಿಬಿದ್ದಿದ್ದ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಾಗ ನಮ್ ಕಡೆ ಗುಡಿ, ಮಸೀದಿ ಎಲ್ಲಾ ಕಡೆ ಪೂಜಿ ಪ್ರಾರ್ಥನಿ ನಡೆದ್ವು, ಫೆಬ್ರವರಿ 11ಕ್ಕ ಅವ್ರು ತೀರಿಕೊಂಡಾಗ ರಾಜ್ಯಕ್ಕ ರಾಜ್ಯಾನೇ ಅತ್ತಿತು. ಆ ಪ್ರೀತಿ ಖರೇನೇ. ಆದ್ರ ಸಿಯಾಚಿನ್‌ದಾಗ, ಕಾಶ್ಮೀರದಾಗ ಬೆರಳು, ಕಾಲು, ಕಣ್ಣು ಕಳಕೊಂಡು ಬದುಕಿ ಬಂದವ್ರು ಮುಂದ 40 ವರ್ಷ ಹೆಂಗ ಬಾಳ್ವೆ ಮಾಡ್ತಾರ ಅನ್ನೋದನ್ನ ಯಾರೂ ಟಿವಿನಾಗ ತೋರ್ಸಂಗಿಲ್ಲ. ಹುತಾತ್ಮರ ಹೆಸರನ್ನ ಸರ್ಕಲ್‌ಗೆ ಇಡ್ತೀವಿ, ಗಾಯಗೊಂಡವಗ ಮನಿ ಮುಂದಿನ ಮೆಟ್ಟಿಲೂ ಇಳಿಯಾಕ ಆಗಂಗಿಲ್ಲ.

ಎರಡನೇದು, ಗುಂಡು ಬಿದ್ದದ್ದೋ ಗಾಡಿ ಪಲ್ಟಿಯೋ ಅನ್ನೋ ಲೆಕ್ಕ. ನಿಯಮದ ಪ್ರಕಾರ ಶತ್ರು ದಾಳಿ, ಯುದ್ಧದಾಗ ಆದ ಗಾಯಕ್ಕ ಒಂದು ಥರ ಪಿಂಚಣಿ, ಡ್ಯೂಟಿ ಮ್ಯಾಲಿದ್ದಾಗ ಆದ ಅಪಘಾತಕ್ಕ ಇನ್ನೊಂದು ಥರ, ಇದು ನಿಜ. ಆ ವ್ಯತ್ಯಾಸ ಕಾಗದದಾಗ ಇರ್ಲಿ. ಲಡಾಖ್‌ನ ರಸ್ತೆ ಮ್ಯಾಲೆ ರಾಷನ್ ಲಾರಿ ಹೊಡೆಯೋ ಹುಡುಗ ಕಮರಿಗೆ ಬಿದ್ದು ಸೊಂಟದ ಕೆಳಗ ಸ್ವಾಧೀನ ಕಳಕೊಂಡ್ರ ಆ ರಾಷನ್ ತಿಂದೇ ಮುಂದಿನ ಪೋಸ್ಟಿನವ್ರು ಗಡಿ ಕಾದದ್ದು. ಊರಾಗ ಕುಂತು ನಾವು ಅವನ ಗಾಯಕ್ಕ ಮಾರ್ಕ್ಸ್ ಹಾಕೋದು ಬ್ಯಾಡ.

ಮೂರನೇದು ಇತ್ತೀಚಿಗೆ ಹೆಚ್ಚಾಗೇತಿ. 2023ರಾಗ ಸೇನಾಪಡೆಗಳ ಡಿಸೆಬಿಲಿಟಿ (ಅಂಗವೈಕಲ್ಯ) ಪಿಂಚಣಿ ನಿಯಮ ಬದಲಾದ್ವು, ಆಗಿಂದ ವಾಟ್ಸಾಪ್‌ನಾಗ "ಬಿಪಿ ಶುಗರ್ ಅಂತ ಹೇಳಿ ಎಲ್ಲಾರೂ ಡಿಸೆಬಿಲಿಟಿ ಪಿಂಚಣಿ ಹೊಡೀತಾರ" ಅನ್ನೋ ಮೆಸೇಜು ಓಡಾಡಾಕ ಹತ್ಯಾವ. ಬಿಪಿ ಶುಗರಿನ ವಾದ ದಿಲ್ಲಿಯಾಗ ಆಡೋರು ಆಡ್ಲಿ, ಅದರ ಅನುಮಾನ ತಂದು ಬೆನ್ನುಮೂಳೆ ಮುರಿದವನ ಮ್ಯಾಲೆ, ನಕಲಿ ಕಾಲು ಕಟ್ಟಿಕೊಂಡು ಬ್ಯಾಂಕ್ ಮೆಟ್ಟಿಲು ಹತ್ತೋನ ಮ್ಯಾಲೆ ಸುರಿಬ್ಯಾಡ್ರಿ. ಇನ್ನ 'ಕೊಡ್ತಾರ' ಅಂತೀವಲ್ಲ, ಅದು ದಾನ ಅಲ್ಲ. ಮೆಡಿಕಲ್ ಟೆಸ್ಟ್ ಪಾಸಾಗಿ ಗಟ್ಟಿಮುಟ್ಟಾಗಿ ಹೋದವ ಗಾಯದಿಂದ ಬಂದ್ರ ಅದಕ್ಕ ಸರ್ಕಾರ ಜವಾಬ್ದಾರಿ. 2013ರ ಧರಮ್‌ವೀರ್ ಸಿಂಗ್ ಕೇಸಿನಾಗ ಸುಪ್ರೀಂ ಕೋರ್ಟ್ ಇದನ್ನೇ ಹೇಳ್ತು: ಸೇರುವಾಗ ದಾಖಲಾತಿಯಾಗ ರೋಗ ಬರೆದಿಲ್ಲಾಂದ್ರ ಆರೋಗ್ಯವಾಗೇ ಇದ್ದ ಅಂತ ತಿಳೀಬೇಕು, ಸೇವೆಗೆ ಸಂಬಂಧ ಇಲ್ಲ ಅಂತ ಸಾಬೀತು ಮಾಡೋ ಹೊಣೆ ಸರ್ಕಾರದ್ದು, ಜವಾನಂದಲ್ಲ.

ಕಾಗದದ ಚೀಲ

ಇಲ್ಲಿ ಸ್ವಲ್ಪ ಹೆಚ್ಚು ಬರೀತೀನಿ ಯಾಕಂದ್ರ ನಮ್ ಸೆಂಟರಿಗೆ ಬರೋ ಮನಿಗಳಾಗ ಹಣ ನಿಂತಿರೋದು ಹೆಚ್ಚಾಗಿ ಇದೇ ಜಾಗದಾಗ. ಟ್ರಂಕಿನಾಗ ಎಲ್ಲಾ ಕಾಗದ ಇರ್ತಾವ, ಪ್ಲಾಸ್ಟಿಕ್ ಕವರಿನಾಗ ಒತ್ತಿ ಇಟ್ಟಿರ್ತಾರ, ಆದ್ರ ಯಾವುದು ಏನು ಅಂತ ಮನಿಯವ್ರಿಗೆ ಗೊತ್ತಿರಂಗಿಲ್ಲ. ಊರಾಗ ಇಂಗ್ಲಿಷ್ ಓದಾಕ ಬರೋ ಒಬ್ಬ ಹುಡುಗ ಇಲ್ಲಾ ಹುಡುಗಿ ಒಂದು ಭಾನುವಾರ ಕುಂತು ಇದನ್ನ ಬೇರೆ ಬೇರೆ ಮಾಡಿಕೊಟ್ರ ಅದು ಹತ್ತು ಶಾಲಿಗಿಂತ ದೊಡ್ಡ ಸನ್ಮಾನ.

ಹುಡುಕಬೇಕಾದ್ದು ಇವು: ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಮಂಜೂರಿ ಆದೇಶ), ಮೆಡಿಕಲ್ ಬೋರ್ಡ್ (ಮಿಲ್ಟ್ರಿ ಡಾಕ್ಟರ್‌ಗಳ ಮಂಡಳಿ) ಪ್ರೊಸೀಡಿಂಗ್ಸ್, ಇಂಜುರಿ ರಿಪೋರ್ಟ್ (ಫಾರ್ಮ್ ಮ್ಯಾಲೆ ಐಎಎಫ್‌ವೈ 2006 ಅಂತ ಇರ್ತೈತಿ), ಕೋರ್ಟ್ ಆಫ್ ಇನ್‌ಕ್ವೈರಿ (ಸೇನೆಯ ಒಳಗಿನ ವಿಚಾರಣಿ) ಆಗಿದ್ರ ಅದರ ಪ್ರತಿ, ಆಸ್ಪತ್ರೆ ಡಿಸ್ಚಾರ್ಜ್ ಸಮ್ಮರಿ. ಮೆಡಿಕಲ್ ಬೋರ್ಡ್ ಕಾಗದದಾಗ ಎರಡು ಜಾಗ ನೋಡ್ರಿ. ಒಂದು, ಗಾಯ ಸೇವೆಯಿಂದ ಆದದ್ದು ಅಥವಾ ಸೇವೆಯಿಂದ ಹೆಚ್ಚಾದದ್ದು ಅಂತ ಐತೋ ಇಲ್ಲೋ. ಇನ್ನೊಂದು, ಪರ್ಸೆಂಟ್ ಎಷ್ಟು ಬರ್ದಾರ. ಈ ಎರಡು ಸಾಲಿನ ಮ್ಯಾಲೇ ಇಡೀ ಪಿಂಚಣಿ ನಿಂತೈತಿ. ಕಾಗದ ಕಳದಿದ್ರ ಆತ ಇದ್ದ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಆರ್ಮಿ ನಂಬರ್ ಹಾಕಿ ಪತ್ರ ಬರೀರಿ, ಉತ್ತರ ಬರ್ಲಿಲ್ಲಾಂದ್ರ ಆರ್‌ಟಿಐ ಹಾಕ್ರಿ. ಮರಾಠಾ ಲೈಟ್ ಇನ್‌ಫೆಂಟ್ರಿದು ಬೆಳಗಾವಿ, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ದು ಬೆಂಗಳೂರು, ಹಂಗ ಒಂದೊಂದಕ್ಕ ಒಂದೊಂದು ಊರು.

ಲೆಕ್ಕ ಹೆಂಗ ಅಂದ್ರ, ಗಾಯದಿಂದ ಬೋರ್ಡ್ ಔಟ್ ಆದವ್ರಿಗೆ, ಅಂದ್ರ ಮೆಡಿಕಲ್ ಬೋರ್ಡ್ ನೋಡಿ ನೌಕರಿಯಿಂದ ಬಿಡಿಸಿದವ್ರಿಗೆ, ಎರಡು ಭಾಗ ಬರ್ತಾವ. ಸರ್ವೀಸ್ ಎಲಿಮೆಂಟ್ ಕೊನೇ ಸಂಬಳದ 50%. ಅದರ ಮ್ಯಾಲೆ ಡಿಸೆಬಿಲಿಟಿ ಎಲಿಮೆಂಟ್, 100% ಇದ್ರ ಕೊನೇ ಸಂಬಳದ 30%. ಯುದ್ಧದ ಗಾಯದಿಂದ ಬೋರ್ಡ್ ಔಟ್ ಆಗಿದ್ರ ಆ 30ರ ಬದ್ಲಿ 100%. ಕೊನೇ ಸಂಬಳ 40,000 ಇತ್ತು ಅಂತ ಇಟ್ಕೊಳ್ರಿ: 20,000 ಸರ್ವೀಸ್, ಅದರ ಮ್ಯಾಲೆ ಡ್ಯೂಟಿ ಅಪಘಾತ ಆದ್ರ 12,000, ಯುದ್ಧದ ಗಾಯ ಆದ್ರ 40,000, ಮತ್ತ ತುಟ್ಟಿಭತ್ಯೆ ಬ್ಯಾರೆ. ಪರ್ಸೆಂಟ್ ಕಮ್ಮಿ ಇದ್ರ ಆ ಪ್ರಮಾಣದಾಗ ಕಮ್ಮಿ. ಆದ್ರ ಬ್ರಾಡ್ ಬ್ಯಾಂಡಿಂಗ್ ಅಂತ ಐತಿ, 50ಕ್ಕಿಂತ ಕೆಳಗಿದ್ದದ್ದನ್ನ 50 ಅಂತ, 50ರಿಂದ 75ರ ತನಕ ಇದ್ದದ್ದನ್ನ 75 ಅಂತ, 76 ಇಲ್ಲಾ ಅದಕ್ಕಿಂತ ಹೆಚ್ಚಿದ್ರ 100 ಅಂತ ಹಿಡೀತಾರ. ಮೊದಲು ಬೋರ್ಡ್ ಔಟ್ ಆದವ್ರಿಗಷ್ಟೇ ಕೊಡ್ತಿದ್ರು, 2014ರ ಡಿಸೆಂಬರ್‌ನಾಗ ರಾಮ್ ಅವತಾರ್ ಕೇಸಿನಾಗ ಸುಪ್ರೀಂ ಕೋರ್ಟ್ ಪೂರ್ತಿ ಸರ್ವೀಸ್ ಮುಗಿಸಿ ಡಿಸೆಬಿಲಿಟಿ ಜೊತಿ ನಿವೃತ್ತಿ ಆದವ್ರಿಗೂ ಅದು ಸಿಗಬೇಕು ಅಂತು. ಹಳೇ ಪಿಂಚಣಿದಾರ ಮನ್ಯಾಗಿದ್ರ ಪಿಪಿಒ ತೆಗೆದು ಪರ್ಸೆಂಟ್‌ನ ಹಿಂಗ ಏರಿಸ್ಯಾರೋ ಇಲ್ಲೋ ಇವತ್ತೇ ನೋಡ್ರಿ.

ಇನ್ನೊಂದು ಭತ್ಯೆ ಬಗ್ಗೆ ಕೇಳಿದೋರೇ ಕಮ್ಮಿ. 100% ಡಿಸೆಬಿಲಿಟಿ ಇದ್ದು, ಇನ್ನೊಬ್ಬರ ಸಹಾಯ ಇಲ್ದ ದಿನಚರಿ ನಡೆಯಂಗಿಲ್ಲ ಅಂತ ಮೆಡಿಕಲ್ ಬೋರ್ಡ್ ಬರೆದ್ರ ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲೋನ್ಸ್ ಬರ್ತೈತಿ. 7ನೇ ವೇತನ ಆಯೋಗದ ನಂತರ ತಿಂಗಳಿಗೆ 6,750 ರೂಪಾಯಿ ಅಂತ ಮಾಡಿದ್ರು, ಡಿಎ (ತುಟ್ಟಿಭತ್ಯೆ) 50% ಏರಿದಾಗೊಮ್ಮೆ ಇದು 25% ಏರ್ತೈತಿ. ಈ ಹಣ ಆಳು ಇಡಾಕ ಇರೋದು. ಹೆಂಡ್ತಿ ಹಗಲು ರಾತ್ರಿ ಮಾಡ್ತಾಳಲ್ಲ ಅಂತ ಕೇಳದಂಗ ಬಿಟ್ಟಿರೋ ಮನಿ ಅದಾವ.

'ಸೇವೆಗೆ ಸಂಬಂಧ ಇಲ್ಲ' ಅಂತ ಬರ್ದು ಕಳಿಸಿದ್ರ ಅಲ್ಲಿಗೆ ಮುಗೀತು ಅಂದ್ಕೋಬ್ಯಾಡ್ರಿ. ಮೊದಲ ಅಪೀಲು, ಎರಡನೇ ಅಪೀಲು ಅಂತ ಎರಡು ಹಂತ ಅದಾವ, ಆದೇಶ ಕೈಗೆ ಬಂದ ಆರು ತಿಂಗಳೊಳಗ ಹಾಕಬೇಕು, ಅಲ್ಲಿಯೂ ಆಗ್ಲಿಲ್ಲಾಂದ್ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಅದಕ್ಕೂ ಆರು ತಿಂಗಳ ಗಡುವು. ತಡ ಆಗಿದ್ರೂ ಬಾಗಿಲು ಪೂರ್ತಿ ಮುಚ್ಚಿರಂಗಿಲ್ಲ, ಪಿಂಚಣಿ ಪ್ರತಿ ತಿಂಗಳ ವಿಷಯ ಆಗಿರೋದ್ರಿಂದ ತಡವಾದ ಕೇಸನ್ನೂ ತಗೋತಾರ, ಆದ್ರ ಹಿಂಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದಷ್ಟೇ ಕೊಡ್ತಾರ. ಅಂದ್ರ ತಡ ಮಾಡಿದಷ್ಟು ಕೈಬಿಟ್ಟಂಗ. ವಕೀಲರ ಖರ್ಚಿಗೆ ಹೆದ್ರಬ್ಯಾಡ್ರಿ, ಅಂಗವಿಕಲರಿಗೆ ಕಾನೂನು ಸೇವಾ ಪ್ರಾಧಿಕಾರದ ಕಾಯ್ದೆ ಪ್ರಕಾರ ಉಚಿತ ನೆರವಿನ ಹಕ್ಕು ಐತಿ, ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲಾ ಕೋರ್ಟಿನ ಆವರಣದಾಗೇ ಪ್ರಾಧಿಕಾರದ ಆಫೀಸು ಕೇಳ್ರಿ.

ಸೈನಿಕ ಕಲ್ಯಾಣ ಇಲಾಖೆ ಆಫೀಸು ಪ್ರತಿ ಜಿಲ್ಲೆಗೂ ಇಲ್ಲ, ಕೆಲವು ಜಿಲ್ಲೆಗಳನ್ನ ಪಕ್ಕದ ಜಿಲ್ಲೆಯ ಆಫೀಸೇ ನೋಡ್ಕೊಳ್ತೈತಿ, ನಿಮ್ದು ಎಲ್ಲಿಗೆ ಸೇರೇತಿ ಅಂತ ಫೋನಿನಾಗೇ ಕೇಳಿ ಆಮ್ಯಾಲೆ ಹೋಗ್ರಿ, ಗಾಲಿಕುರ್ಚಿ ಮನುಷ್ಯನ್ನ ಬಸ್ಸಿಗೆ ಹಾಕ್ಕೊಂಡು ಸುಮ್ನೆ ಅಲೆದಾಡಿಸಬ್ಯಾಡ್ರಿ. ಕೇಂದ್ರೀಯ ಸೈನಿಕ ಬೋರ್ಡಿನ ನೆರವು, ಮಕ್ಕಳ ಓದಿನ ಸಹಾಯಧನ ಎಲ್ಲಾ ಅವ್ರ ಮೂಲಕಾನೇ ಹೋಗ್ತಾವ.

ಇದರ ಜೊತಿಗೆ ಯುಡಿಐಡಿ ಕಾರ್ಡ್, ಅಂದ್ರ ಅಂಗವಿಕಲರ ಗುರುತಿನ ಚೀಟಿ, ಬ್ಯಾರೆ ಮಾಡಿಸ್ರಿ. "ನಮ್ಮಾತನ ಹತ್ರ ಮಿಲ್ಟ್ರಿ ಸರ್ಟಿಫಿಕೇಟ್ ಐತಲ್ಲ" ಅಂತ ಬಿಟ್ಟಿರ್ತಾರ. ಮಿಲ್ಟ್ರಿ ಬೋರ್ಡಿನ ಪರ್ಸೆಂಟ್ ಪಿಂಚಣಿಗೆ, ಯುಡಿಐಡಿ ಪರ್ಸೆಂಟ್ ಬಸ್ ಪಾಸು, ರೈಲ್ವೆ ರಿಯಾಯಿತಿ, ರಾಜ್ಯದ ಯೋಜನೆಗಳಿಗೆ, ಎರಡೂ ಬ್ಯಾರೆ ಬ್ಯಾರೆ ತಪಾಸಣಿ, ಅಂಕಿನೂ ಬ್ಯಾರೆ ಬರಬಹುದು, ಗಾಬರಿ ಆಗಬ್ಯಾಡ್ರಿ. ರಾಯಚೂರಿನವ್ರು ರಿಮ್ಸ್, ಬಳ್ಳಾರಿಯವ್ರು ಜನ ಇವತ್ತಿಗೂ ವಿಮ್ಸ್ ಅಂತಾನೇ ಅನ್ನೋ ಮೆಡಿಕಲ್ ಕಾಲೇಜು ಆಸ್ಪತ್ರೆ, ನಮ್ ಕೊಪ್ಪಳದವ್ರು ಕೊಪ್ಪಳ ಮೆಡಿಕಲ್ ಕಾಲೇಜು ಆಸ್ಪತ್ರೆ ವಿಚಾರಿಸ್ರಿ. ಅರ್ಜಿ ಹಾಕಾಕ ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದ್ರ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಸಹಾಯ ಮಾಡಬೇಕು, ಅದು ಅವ್ರ ಕೆಲಸ.

ಲೈಫ್ ಸರ್ಟಿಫಿಕೇಟ್: ಈಗ ಪಿಂಚಣಿ ರಕ್ಷಣಾ ಇಲಾಖೆಯ ಸ್ಪರ್ಶ್ ಪೋರ್ಟಲ್‌ನಾಗ ಬರ್ತೈತಿ, ವರ್ಷಕ್ಕೊಮ್ಮೆ ಬದುಕಿದ್ದೀನಿ ಅಂತ ತೋರಿಸದಿದ್ರ ನಿಂತು ಹೋಗ್ತೈತಿ. ಹಾಸಿಗಿ ಹಿಡಿದವ್ರನ್ನ ಟಂಟಂನಾಗ ಹಾಕ್ಕೊಂಡು ಸೆಂಟರಿಗೆ ತರಬ್ಯಾಡ್ರಿ. ಪೋಸ್ಟ್‌ಮ್ಯಾನ್ ಮನಿಗೇ ಬಂದು 70 ರೂಪಾಯಿಗೆ ಮಾಡಿಕೊಡ್ತಾನ. ಕೈ ಸುಟ್ಟಿದ್ರ, ಬೆರಳು ಇಲ್ಲದಿದ್ರ, ಬೆರಳಚ್ಚು ತಗೊಳ್ಳಂಗಿಲ್ಲ ಅಂತ ವಾಪಸ್ ಕಳಿಸಿದ್ರ ಮುಖ ತೋರಿಸಿ ಮಾಡೋ ಆಧಾರ್ ಫೇಸ್ ಆ್ಯಪ್ ಐತಿ, ಯಾವುದಾರ ಚಲೋ ಫೋನಿನಾಗ ಬೆಳಕಿಗೆ ನಿಲ್ಲಿಸಿ ಮಾಡಬಹುದು. ನಾನು ಗಾಲಿಕುರ್ಚಿಯವ್ರ ಮನಿಗೆ ಹಂಗೇ ಹೋಗಿ ಮಾಡ್ತೀನಿ. ಬ್ಯಾರೆ ಸೆಂಟರಿನವ್ರೂ ಮಾಡ್ರಪಾ, ಐದು ನಿಮಿಷದ ಕೆಲಸ.

ಅಗ್ನಿವೀರ, ಸಿಆರ್‌ಪಿಎಫ್, ಬಿಎಸ್‌ಎಫ್

ನಮ್ ಕಡೆ ಹುಡುಗ್ರು ಈಗ ಅಗ್ನಿವೀರ ಆಗಿ ಹೋಗ್ತಾರ. ಅವ್ರಿಗೆ ಮ್ಯಾಲಿನ ಪಿಂಚಣಿ ಲೆಕ್ಕ ಅನ್ವಯ ಆಗಂಗಿಲ್ಲ. ಸೇವೆಯಿಂದ ಆದ ಡಿಸೆಬಿಲಿಟಿಗೆ ಒಂದೇ ಸಲ ಪರಿಹಾರ, 100%ಗೆ 44 ಲಕ್ಷ, 75%ಗೆ 25 ಲಕ್ಷ, 50%ಗೆ 15 ಲಕ್ಷ. ಇಪ್ಪತ್ತೆರಡು ವಯಸ್ಸಿನ ಹುಡುಗ ಗಾಲಿಕುರ್ಚಿಗೆ ಬಂದ್ರ 44 ಲಕ್ಷ ದೊಡ್ಡ ಮೊತ್ತ ಅನ್ನಿಸ್ತೈತಿ, ಮುಂದಿನ ಐವತ್ತು ವರ್ಷದ ಔಷಧ, ಆಳು, ಆಸ್ಪತ್ರೆ ಲೆಕ್ಕ ಹಾಕಿದ್ರ ಎಷ್ಟು ದಿನ ಬರ್ತೈತಿ ನೀವೇ ನೋಡ್ರಿ. ನನ್ನ ಮಟ್ಟಿಗೆ ಇದು ಸಾಲಂಗಿಲ್ಲ, ಇದರ ಬಗ್ಗೆ ಎಂಪಿ, ಎಮ್ಮೆಲ್ಲೆ ಊರಿಗೆ ಬಂದಾಗ ಕೇಳಬೇಕು. ಸಿಆರ್‌ಪಿಎಫ್, ಬಿಎಸ್‌ಎಫ್ ಗೃಹ ಇಲಾಖೆಗೆ ಸೇರ್ತಾವ, ಅವ್ರ ಪಿಂಚಣಿ ನಿಯಮಾನೇ ಬ್ಯಾರೆ, ಮಾಜಿ ಸೈನಿಕ ಅನ್ನೋ ಲೆಕ್ಕಕ್ಕ ಬರಂಗಿಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಕಾರ್ಡೂ ಇಲ್ಲ. ಅವ್ರು ಅವ್ರ ಪಡೆಯ ಗ್ರೂಪ್ ಸೆಂಟರ್, ಮತ್ತ ಕಲ್ಯಾಣ-ಪುನರ್ವಸತಿ ಮಂಡಳಿ ಮೂಲಕ ಹೋಗಬೇಕು. ಛತ್ತೀಸ್‌ಗಢದಾಗ ಐಇಡಿಗೆ (ಹೂತಿಟ್ಟ ಬಾಂಬಿಗೆ) ಕಾಲು ಹೋದವ್ರು ಸೈನಿಕ ಕಲ್ಯಾಣ ಆಫೀಸಿಗೆ ಹೋಗಿ ಬರಿಗೈಲಿ ಬರ್ತಾರ, ದಾರಿ ತಪ್ಪಿಸಬ್ಯಾಡ್ರಿ.

ಮನಿ, ಬಿಸಿಲು, ಮೈ

ನಮ್ ಊರಿನ ಮನಿಗಳಿಗೆ ಕಟ್ಟಿ ಇರ್ತಾವ, ಒಂದೂವರಿ ಅಡಿ ಎತ್ತರ ಅಂತೂ ಸೈ. ಗಾಲಿಕುರ್ಚಿ ಇಳಿಜಾರಿಗೆ ಲೆಕ್ಕ ಒಂದಕ್ಕ ಹನ್ನೆರಡು, ಅಂದ್ರ ಒಂದೂವರಿ ಅಡಿ ಏರಾಕ ಹದಿನೆಂಟು ಅಡಿ ಉದ್ದ ಬೇಕು. ಮೇಸ್ತ್ರಿ ಆರು ಅಡಿಯಾಗ ಮುಗಿಸಿಕೊಡ್ತೀನಿ ಅಂತಾನ, ಅದು ಬೈಕ್ ಹತ್ತಿಸೋ ಇಳಿಜಾರು, ಅದರಾಗ ಕುರ್ಚಿ ಹಿಂದಕ್ಕ ಮಗುಚಿ ಬೀಳ್ತೈತಿ. ಜಾಗ ಇಲ್ಲಾಂದ್ರ ಗ್ವಾಡಿ ಗುಂಟ ತಿರುವಿ ಕಟ್ಟಿಸ್ರಿ. ಮ್ಯಾಲೆ ನುಣುಪು ಶಹಾಬಾದ್ ಫರ್ಸಿ ಹಾಕಿಸಬ್ಯಾಡ್ರಿ, ನೀರು ಬಿದ್ರ ಜಾರ್ತೈತಿ, ಒರಟು ಸಿಮೆಂಟ್ ಸಾಕು. ನಮ್ದು ಎರಿ ಭೂಮಿ, ಒಂದು ಮಳಿ ಆದ್ರ ಗಾಲಿ ಹೂತು ಹೋಗ್ತಾವ, ಅದಕ್ಕ ಬಾಗಿಲಿಂದ ಸಿಸಿ ರಸ್ತೆ ತನಕ ಮೂರು ಅಡಿ ಅಗಲದ ಕಾಂಕ್ರೀಟ್ ಹಾದಿ ಪಂಚಾಯ್ತಿ ಹತ್ರ ಕೇಳ್ರಿ, ಮೆಂಬರ್ ಮನಸ್ಸು ಮಾಡಿದ್ರ ಆಗೋ ಕೆಲಸ. ಪಾಯಖಾನಿ ಬಾಗಿಲು ಹೊರಕ್ಕ ತೆರೀಬೇಕು, ಮೂರು ಅಡಿ ಅಗಲ ಇರಬೇಕು, ಒಳಗ ಕಮೋಡು, ಎರಡೂ ಕಡೆ ಗಟ್ಟಿ ಹಿಡಿಕಿ. ಮಿಲ್ಟ್ರಿಯಾಗ ದಿನಕ್ಕ ಹತ್ತು ಕಿಲೋಮೀಟರ್ ಓಡಿದ ಗಂಡಸು ಸಂಡಾಸಿಗೆ ಇನ್ನೊಬ್ಬರನ್ನ ಕೂಗಬೇಕು ಅನ್ನೋದು ಅವಗ ಎಷ್ಟು ಚುಚ್ತೈತಿ ಅಂತ ತಿಳ್ಕೊಂಡ್ರ ನೀವು ಮೊದಲು ಅಲ್ಲೇ ರೊಕ್ಕ ಹಾಕ್ತೀರಿ.

ಬೆನ್ನುಮೂಳೆ ಗಾಯದವ್ರ ಬಗ್ಗೆ ಎರಡು ವಿಷಯ ಮನಿಯವ್ರಿಗೆ ಅಷ್ಟೇ ಅಲ್ಲ ಪಕ್ಕದ ಮನಿಯವ್ರಿಗೂ ಗೊತ್ತಿರಬೇಕು. ಮೊದಲನೇದು ಹಾಸಿಗಿ ಹುಣ್ಣು. ಮಲಗಿದ್ರ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಕುರ್ಚಿಯಾಗ ಕುಂತಿದ್ರ ಅರ್ಧ ತಾಸಿನೊಳಗ ಒಮ್ಮೆ ಕೈ ಊರಿ ಮೈ ಎತ್ತಬೇಕು. ದಿನಾ ಸಂಜಿ ಬ್ಯಾಟರಿ ಹಿಡ್ಕೊಂಡು ಕುಂಡಿ, ಸೊಂಟದ ಎಲುಬು, ಹಿಮ್ಮಡಿ ನೋಡ್ರಿ. ಪುಸ್ತಕದಾಗ ಕೆಂಪು ಕಲೆ ಅಂತ ಬರ್ದಿರ್ತಾರ, ನಮ್ ಕಪ್ಪು ಮೈಯಾಗ ಕೆಂಪು ಕಾಣಂಗಿಲ್ಲ, ಕೈ ಇಟ್ಟು ನೋಡಬೇಕು, ಸುತ್ತಲಿಗಿಂತ ಬಿಸಿ ಇದ್ರ, ಗಟ್ಟಿ ಇದ್ರ ಅಲ್ಲಿ ಶುರು ಆಗೇತಿ ಅಂತ ತಿಳೀರಿ, ಆ ಜಾಗದ ಮ್ಯಾಲೆ ಭಾರ ಬೀಳದಂಗ ಮಾಡ್ರಿ, ಡಾಕ್ಟರಿಗೆ ತೋರಿಸ್ರಿ. ಅವಗ ನೋವು ಗೊತ್ತಾಗಂಗಿಲ್ಲ, ಅದಕ್ಕೇ ಇಷ್ಟು ಹೇಳೋದು. ಗಾಳಿ ಹಾಸಿಗಿ ತಂದಿದ್ರ ಕರೆಂಟ್ ಹೋದಾಗ ಅದು ಇಳಿದು ಹಲಗಿ ಆಗ್ತೈತಿ, ಅದಕ್ಕ ಇನ್ವರ್ಟರ್ ಲೈನ್ ಕೊಡಿಸ್ರಿ.

ಎರಡನೇದು ಜೀವಕ್ಕ ಅಪಾಯದ್ದು. ಗಾಯ ಎದಿ ಮಟ್ಟಕ್ಕ ಇಲ್ಲಾ ಅದಕ್ಕೂ ಮ್ಯಾಲೆ ಇದ್ದವ್ರಿಗೆ ಒಮ್ಮೆಲೇ ತಲಿ ಸಿಡಿದಂಗ ನೋವು, ಮುಖ ಬೆಚ್ಚಗೆ, ಕುತ್ತಿಗಿ ಮ್ಯಾಲೆ ಬೆವರು ಬಂತಂದ್ರ ಬಿಪಿ ಭಾಳ ಏರಿರ್ತೈತಿ. ಮಲಗಿಸಬ್ಯಾಡ್ರಿ, ಕುಂದ್ರಿಸ್ರಿ. ಬಿಗಿ ಬಟ್ಟಿ, ಬೆಲ್ಟು ಸಡಿಲ ಮಾಡ್ರಿ. ಉಚ್ಚಿ ಪೈಪು ಮಡಚಿಕೊಂಡೈತೇನು, ಚೀಲ ತುಂಬೇತೇನು ನೋಡ್ರಿ, ಬಹಳ ಸಲ ಕಾರಣ ಅಲ್ಲೇ ಇರ್ತೈತಿ. ಸರಿ ಮಾಡಿದ್ರೂ ಇಳೀಲಿಲ್ಲಾಂದ್ರ ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ, ಬೆನ್ನುಮೂಳೆ ಗಾಯ ಐತಿ ಅಂತ ಡಾಕ್ಟರಿಗೆ ಮೊದಲೇ ಹೇಳ್ರಿ. ಇಂಥವ್ರಿಗೇ ಗಾಯದ ಕೆಳಗ ಬೆವರು ಬರಂಗಿಲ್ಲ, ರಾಯಚೂರು ಬಳ್ಳಾರಿ ಏಪ್ರಿಲ್ ಮೇ ಬಿಸಿಲಿಗೆ ಮೈ ತಣ್ಣಗೆ ಆಗೋ ದಾರಿನೇ ಇಲ್ಲ. ಒದ್ದಿ ಟಾವೆಲ್, ಕೂಲರ್, ಮಧ್ಯಾಹ್ನ ಹೊರಗ ಒಯ್ಯದಿರೋದು. ತಗಡಿನ ಮನ್ಯಾಗ ಇದ್ರ ಆ ಎರಡು ತಿಂಗಳು ಆರ್‌ಸಿಸಿ ಇರೋ ಸಂಬಂಧಿಕರು ಹಗಲಿಗೆ ಜಾಗ ಕೊಡ್ರಿ. ನಕಲಿ ಕಾಲಿನವ್ರಿಗೂ ಬೇಸಿಗಿ ಕಷ್ಟ, ಬೆವತು ಮೊಂಡು ಕಾಲು ಉಜ್ಜಿ ಬೊಬ್ಬಿ ಏಳ್ತೈತಿ, ಕಾಲುಚೀಲ ಎರಡು ಮೂರು ಸಲ ಬದಲಿಸಬೇಕು. ಮಧ್ಯಾಹ್ನ ಕಾಲು ಬಿಚ್ಚಿಟ್ಟು ಕುಂತ್ರ ಯಾಕ ಬಿಚ್ಚಿದಿ ಅಂತ ನೋಡೋರು ಕೇಳಬ್ಯಾಡ್ರಿ.

ಚಿಕಿತ್ಸಿಗೆ ಇಸಿಎಚ್‌ಎಸ್ ಕಾರ್ಡ್ ಐತಲ್ಲ, 2003ರಿಂದ ಇರೋ ಯೋಜನೆ, ಯುದ್ಧದಾಗ ಗಾಯಗೊಂಡವ್ರು ವಂತಿಗಿ ಕಟ್ಟೋದೂ ಬ್ಯಾಡ. ತುರ್ತಿನಾಗ ಪಟ್ಟಿಯಾಗಿಲ್ಲದ ಆಸ್ಪತ್ರೆಗೆ ಸೇರಿಸಿದ್ರ 48 ತಾಸಿನೊಳಗ ಇಸಿಎಚ್‌ಎಸ್‌ನ ದವಾಖಾನಿ, ಅಂದ್ರ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಈ ಗಡುವನ್ನ ಒಂದು ಚೀಟಿಯಾಗ ಬರ್ದು ಕಾರ್ಡಿನ ಜೊತಿನೇ ಇಡ್ರಿ, ರಾತ್ರಿ ಹನ್ನೆರಡಕ್ಕ ಯಾರಿಗೂ ನೆನಪು ಬರಂಗಿಲ್ಲ.

ಹೆಂಗ ಮಾತಾಡಬೇಕು

ಅವನ ಜೊತಿ ಮಾತಾಡ್ರಿ, ಅವನ ಬಗ್ಗೆ ಅಲ್ಲ. "ಯಕ್ಕ, ಮಾವ ಚಾ ಕುಡೀತಾನೇನು?" ಅಂತ ಅವನ ಮುಂದೇ ಹೆಂಡ್ತಿನ ಕೇಳ್ತೀವಿ, ಅದೇ "ಮಾವ, ಚಾ ತರ್ಲೇನು?" ಅಂದ್ರ ಆತು. ಗಾಯ ಹೆಂಗಾತು ಅಂತ ಮೊದಲ ಭೇಟಿಗೇ ಕೆದಕಬ್ಯಾಡ್ರಿ, ಎಷ್ಟು ಪಿಂಚಣಿ ಬರ್ತೈತಿ ಅಂತ ಯಾವತ್ತೂ ಕೇಳಬ್ಯಾಡ್ರಿ. ಕ್ಯಾಂಟೀನ್ ಬಾಟ್ಲಿ ಕೇಳಾಕ ಅಂತ ಮಾತ್ರ ಆ ಮನಿ ಬಾಗಿಲು ತಟ್ಟೋದು ಬಿಡ್ರಿ, ಇದನ್ನ ಗಟ್ಟಿಯಾಗಿ ಹೇಳ್ತೀನಿ, ಎಷ್ಟೋ ಮನ್ಯಾಗ ವರ್ಷಕ್ಕ ಬರೋ ಅತಿಥಿಗಳು ಇವ್ರೇ. ಮದುವಿಗೆ ಕರೀರಿ, ಮತ್ತ ಛತ್ರಕ್ಕ ಮೆಟ್ಟಿಲು ಎಷ್ಟು ಅದಾವ, ಊಟದ ಹಾಲ್ ಕೆಳಗೋ ಮ್ಯಾಲೋ ಅಂತ ಮೊದಲೇ ಹೇಳ್ರಿ. ಕೊಪ್ಪಳ ಗವಿಮಠದ ಜಾತ್ರಿ ತೇರಿಗೆ ಊರೇ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗುವಾಗ ಅವನನ್ನ ಬಿಟ್ಟು ಹೋಗಬ್ಯಾಡ್ರಿ, ಗದ್ಲಕ್ಕ ಆಗಂಗಿಲ್ಲ ಅಂದ್ರ ತೇರಿನ ಮರುದಿನ ಒಯ್ಯಿರಿ. ಶಾಲಿಯವ್ರು ಕಾರ್ಯಕ್ರಮಕ್ಕ ಕರೆದ್ರ ಎರಡು ತಾಸು ವೇದಿಕಿ ಮ್ಯಾಲೆ ಬೊಂಬಿ ಹಂಗ ಕುಂದ್ರಿಸಬ್ಯಾಡ್ರಿ, ಮೈಕ್ ಕೊಡ್ರಿ, ಇಲ್ಲಾ ಪೊಲೀಸ್, ಮಿಲ್ಟ್ರಿ ಭರ್ತಿಗೆ ತಯಾರಿ ಮಾಡೋ ಹುಡುಗ್ರಿಗೆ ಪಾಠ ಹೇಳಾಕ ಕರೀರಿ. 1971ರ ಯುದ್ಧದಾಗ ತನ್ನ ಕಾಲನ್ನ ತಾನೇ ಕುಕ್ರಿಯಿಂದ (ಗೂರ್ಖಾ ಕತ್ತಿ) ಕತ್ತರಿಸಿಕೊಂಡ ಸೇನಾ ಅಧಿಕಾರಿ ಇಯಾನ್ ಕಾರ್ಡೋಜೊ ಆಮ್ಯಾಲೆ ಬೆಟಾಲಿಯನ್, ಬ್ರಿಗೇಡ್ ಎರಡನ್ನೂ ನಡೆಸಿ ಮೇಜರ್ ಜನರಲ್ ಆದ್ರು. 1965ರ ಯುದ್ಧದಾಗ ಗುಂಡು ತಗಲಿದ ಜವಾನ ಮುರಳಿಕಾಂತ ಪೇಟ್ಕರ್ 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಾಗ 50 ಮೀಟರ್ ಈಜಿನಾಗ ಬಂಗಾರ ತಂದ್ರು, ಪದ್ಮಶ್ರೀ ಸಿಕ್ಕದ್ದು 2018ಕ್ಕ. ಆದ್ರ "ಅವ್ರು ಮಾಡಿದ್ರು, ನೀನ್ಯಾಕ ಕುಂತಿ" ಅಂತ ಯಾರಿಗೂ ಅನಬ್ಯಾಡ್ರಿ. ಎಲ್ಲಾರೂ ಪದಕ ತರಬೇಕಿಲ್ಲ, ನೆಮ್ಮದಿಯಿಂದ ಹೊಲ ನೋಡ್ಕೊಂಡಿದ್ರೂ ಸಾಕು.

ಕಾಣದ ಗಾಯಾನೂ ಇರ್ತೈತಿ. ಸಂಡೂರು ಕಡೆ ಗಣಿ ಬ್ಲಾಸ್ಟಿಂಗ್, ಕುಷ್ಟಗಿ ಕಡೆ ಕಲ್ಲು ಕ್ವಾರಿ, ಭತ್ತದ ಗದ್ದಿಯಾಗ ಹಂದಿ ಓಡಿಸೋ ಪಟಾಕಿ, ಮದುವಿ ಸಿಡಿಮದ್ದು, ಇವೆಲ್ಲಾ ನಮಗ ಸದ್ದು ಅಷ್ಟೇ, ಅವ್ರಿಗೆ ಕೈ ನಡುಗ್ತಾವ, ರಾತ್ರಿ ನಿದ್ದಿ ಹೋಗ್ತೈತಿ, ಸಿಟ್ಟು ಬರ್ತೈತಿ, ಕುಡಿತ ಹೆಚ್ಚಾಗ್ತೈತಿ. ಊರವ್ರು "ಮಿಲ್ಟ್ರಿಯವ್ನಿಗೆ ತಲಿ ಕೆಟ್ಟೈತಿ" ಅಂತಾರ. "ಸಂಜಿ ಏಳಕ್ಕ ಪಟಾಕಿ ಹಚ್ತೀವಿ ಕಾಕಾ" ಅಂತ ಮೊದಲೇ ಹೇಳಿ ಬರೋದು ಕಷ್ಟದ ಕೆಲಸ ಏನಲ್ಲ. ಮನಸ್ಸಿನ ತೊಂದ್ರಿಗೆ ಟೆಲಿ ಮಾನಸ್ 14416ಕ್ಕ ಯಾವ ಹೊತ್ತಿನಾಗಾದ್ರೂ ಫೋನ್ ಮಾಡಬಹುದು, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ. ಹೆಂಡ್ತಿಗೂ ಆ ನಂಬರ್ ಕೊಡ್ರಿ, ಯಾಕಂದ್ರ ಅವಳ ನಿದ್ದಿಯೂ ಹೋಗಿರ್ತೈತಿ. ವಾರಕ್ಕ ಒಂದು ಮಧ್ಯಾಹ್ನ ಯಾರಾದ್ರೂ ಅವನ ಹತ್ರ ಕುಂತು ಅವಳನ್ನ ತವರಿಗೋ ಸಂತಿಗೋ ಕಳಿಸಿ ನೋಡ್ರಿ.

ಒಂದು ಎಚ್ಚರಿಕಿ. ಇಡಿಗಂಟು ಬಂದ ಸುದ್ದಿ ತಿಳೀತಂದ್ರ ಪ್ಲಾಟ್ ಮಾರೋರು, ಚೀಟಿ ನಡೆಸೋರು, ಎಂದೂ ಬರದ ಬೀಗ್ರು ಎಲ್ಲಾ ಬರ್ತಾರ. ಮೊದಲ ಒಂದು ವರ್ಷ ಯಾವ ದೊಡ್ಡ ವ್ಯವಹಾರಾನೂ ಬ್ಯಾಡ, ಬ್ಯಾಂಕ್ ಎಫ್‌ಡಿಯಾಗ ಗಂಡ ಹೆಂಡ್ತಿ ಜಂಟಿ ಹೆಸರಿನಾಗ ಇರ್ಲಿ. ಸ್ಪರ್ಶ್‌ದಿಂದ ಮಾತಾಡ್ತೀವಿ, ಒಟಿಪಿ ಹೇಳ್ರಿ ಅಂತ ಫೋನ್ ಬಂದ್ರ ಇಟ್ಟುಬಿಡ್ರಿ.

ಪುಣೆಗೆ ಹೋಗೋದು

ಕಾಲು, ಕೈ ಹೋದವ್ರಿಗೆ ಪುಣೆಯ ಕೃತಕ ಅಂಗ ಕೇಂದ್ರ, 1944ರಿಂದ ಐತಿ. ಬೆನ್ನುಮೂಳೆ ಗಾಯದವ್ರಿಗೆ ಪುಣೆಯ ಖಡ್ಕಿಯಾಗ 1974ರಾಗ ಶುರುವಾದ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ. ಅಲ್ಲೇ ಖಡ್ಕಿಯಾಗ 1917ರ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್, ಗಾಯಗೊಂಡ ಸೈನಿಕರಿಗೆ ಕೆಲಸ ಕಲಿಸೋದಕ್ಕೇ ಇರೋದು. ನಮ್ಮವ್ರು ಪುಣೆ ಅಂದ್ರ ದೂರ ಅಂತ ಹೆದರಿ ಹಳೇ ಬಿಗಿಯಾದ ಕಾಲನ್ನೇ ವರ್ಷಗಟ್ಟಲೆ ಎಳ್ಕೊಂಡು ತಿರುಗ್ತಾರ. ರಾಯಚೂರಿಂದ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಪುಣೆಗೆ ಹೋಗ್ತೈತಿ, ಬಳ್ಳಾರಿಯವ್ರು ಗುಂತಕಲ್‌ಗೆ ಹೋಗಿ ಅದನ್ನೇ ಹತ್ತಬಹುದು, ನಾವು ಗಂಗಾವತಿ ಸಿಂಧನೂರಿನವ್ರು ರಾಯಚೂರಿಗೆ ಹೋಗೋದೇ ಸಲೀಸು. ಮೊದಲು ಪಾಲಿಕ್ಲಿನಿಕ್‌ನಿಂದ ರೆಫರಲ್ ತಗೊಳ್ರಿ, ಕೇಂದ್ರಕ್ಕ ಫೋನ್ ಮಾಡಿ ದಿನಾಂಕ ಪಕ್ಕಾ ಮಾಡ್ಕೊಳ್ರಿ, ಯಾಕಂದ್ರ ಅಳತಿ ತಗೊಂಡು, ಮಾಡಿ, ನಡಿಗಿ ಕಲಿಸೋ ತನಕ ಅಲ್ಲೇ ಇರಬೇಕಾಗ್ತೈತಿ. ಜೊತಿಗೆ ಹೋಗಾಕ ಹಿಂದಿ ಬರೋ ಒಬ್ಬ ಗಟ್ಟಿ ಹುಡುಗ ಬೇಕು, ಅವನ ಕೂಲಿ ಹೋಗ್ತೈತಿ, ಅದನ್ನ ಊರಿನ ಯುವಕ ಸಂಘ ಗಣೇಶನ ಪಟ್ಟಿಯಾಗ ಉಳಿದ ರೊಕ್ಕದಿಂದ ಕೊಡಬಹುದು, ಸನ್ಮಾನಕ್ಕ ತರೋ ಶಾಲು, ಫಲಕ, ಬ್ಯಾನರಿನ ಖರ್ಚಿಗಿಂತ ಹೆಚ್ಚೇನಾಗಂಗಿಲ್ಲ. ಹಳೇ ಕಾಲು, ಅದರ ಕಾಗದ, ಇಸಿಎಚ್‌ಎಸ್ ಕಾರ್ಡ್, ಪಿಪಿಒ ಜೆರಾಕ್ಸ್, ಡಿಸ್ಚಾರ್ಜ್ ಬುಕ್ ಮರೀಬ್ಯಾಡ್ರಿ, ಮತ್ತ ಕೆಳಗಿನ ಬರ್ತ್ ಸಿಗಂಗ ರೈಲ್ವೆಯವ್ರು ಕೊಡೋ ಅಂಗವಿಕಲರ ಕಾರ್ಡಿನ ನಂಬರ್ ಹಾಕಿ ಅಂಗವಿಕಲರ ಕೋಟಾದಾಗ ಟಿಕೆಟ್ ಮಾಡಿಸ್ರಿ.